ಐದನೇ ಗೇರಿನ ಎಂಬತ್ತು

ಬೈಲಹೊಂಗಲದ ದುರ್ಗಪ್ಪಗ ಬರಲಾರದ ರಿಪೇರಿ ಅಂತ ಒಂದೂ ಇರಲಿಲ್ಲ. ಹಂಗಂತ ಹೇಳತಿದ್ದವ ಖುದ್ದು ದುರ್ಗಪ್ಪನ. ಹತ್ತಿಕಾಳು ಬಿಡಸೂ ಜಿನ್ನಿನ ಎಂಜಿನ್ನು, ದೊಡವಾಡದ ರೈತರ ಪಂಪು, ಕೆಟ್ಟು ನಿಂತ ಲಾರಿ ಎಲ್ಲಾ ಅವನ ತಗಡಿನ ಶೆಡ್ಡಿಗೆ ಬರತಿದ್ದವು. ಬಂದದ್ದೆಲ್ಲಾ ನೆಟ್ಟಗಾಗಿ ಹೋಗತಿತ್ತು ಅಂತ ಮಾತ್ರ ಯಾರೂ ಆಣಿ ಮಾಡಿಲ್ಲ.

ಆ ಶೆಡ್ಡಿನ ಜಾಗಾ ತನ್ನದು ಅಂತ ಜಿನ್ನಿನ ಮಾಲಕ ನಿಜಗುಣಪ್ಪ ದಾವಾ ಹಾಕಿ ಗೆದ್ದಿದ್ದ. ದುರ್ಗಪ್ಪ ಬೆಳಗಾಂವಿಯೊಳಗ ಅಪೀಲು ಹಾಕಿದ್ದ. ಅದು ಹೋದರ ಶೆಡ್ಡು ಹೋತು, ಶೆಡ್ಡಿನ ಸಂಗಾಟ ಹೊಟ್ಟಿಪಾಡೂ ಹೋತು. ಕೇಸು ನಡಸಾವ್ರು ವಕೀಲ ತ್ರ್ಯಂಬಕರಾಯರು.

ರಾಯರಿಗೆ ಕಾಯಿದೆ ಎಷ್ಟು ಬರತಿತ್ತೋ ದೇವರ ಬಲ್ಲ, ಕಾರಿನ ಹುಚ್ಚು ಮಾತ್ರ ವಿಪರೀತ. ಯಾವನೋ ಬಿಳಿ ಸಾಹೇಬ ಬಿಟ್ಟುಹೋದ ಎರಡು ಸೀಟಿನ ಎಂ.ಜಿ. ಸ್ಪೋರ್ಟ್ಸ್ ಕಾರು ಅವರದು. ಎಪ್ಪತ್ನಾಲ್ಕರಾಗ ಒಂದಿನ ಕಿತ್ತೂರ ಹಾದ್ಯಾಗ ಬಸ್ಸೊಂದು ಅದನ್ನ ಹಿಂದ ಹಾಕಿ, ರಾಯರ ಕರೀ ಕೋಟಿನ ಮ್ಯಾಲೆ ಧೂಳಾ ಉಗ್ಗಿ ಹೋತು. ಬಸ್ಸಿನ ಕಿಡಕ್ಯಾಗಿಂದ ಒಬ್ಬಾಕಿ ಮುದುಕಿ ಬೊಚ್ಚುಬಾಯಿ ತಗದು ನಕ್ಕಳಂತ. ಮುಗೀತಲ್ಲ, ರಾಯರಿಗೆ ಊಟ ಸೇರಲಿಲ್ಲ.

“ದುರ್ಗಪ್ಪ, ಇದಕ್ಕ ನಾಕ ಗೇರ್ ಅವ. ಐದು ಮಾಡು.”

“ಆತೇಳ್ರಿ ಸಾಹೇಬ್ರ. ಐದನೇದಕ್ಕ ಗಾಡಿ ಹಾರತೈತ್ರಿ.”

“ಹಾರಿಸಿದರ ನಿನ್ನ ಮೇಸ್ತ್ರಿ ಅಂತ ಕರೀತೀನಿ.”

ಅಲ್ಲೀತನಕ ಊರಾಗ ಅವನ್ನ ಯಾರೂ ಮೇಸ್ತ್ರಿ ಅಂದಿರಲಿಲ್ಲ. ಅಂದರ ನಾಚಿಕೊಳ್ಳಾವನೂ ಅಲ್ಲ ಬಿಡ್ರಿ, ಒಳಗೊಳಗ ಅದಕ್ಕ ಜೀವಾ ಬಿಡತಿದ್ದ.

ಗುಜರಿ ಲಾರಿಯಿಂದ ಐದು ಗೇರಿನ ಡಬ್ಬಿ ಕಿತ್ತು ತಂದ. ಕಾರಿನ ತಳಾ ಕೊಯ್ದ, ಬಡದ, ಬೆಸುಗಿ ಹಾಕಿದ. ಲಾರಿ ಡಬ್ಬಿ ದೊಡ್ಡದು, ಬಾಜೂಕ ಕುಂತಾವ ಒಂದು ಮೊಣಕಾಲು ಗದ್ದಕ್ಕ ಹಚ್ಚಿಕೊಂಡ ಕೂಡಬೇಕು, ಅಷ್ಟ. ಮೂರು ವಾರಕ್ಕ ಗಾಡಿ ಹೊಂಟಿತು. ಒಂದನೇ ಗೇರಿನ್ಯಾಗ ಎತ್ತಿನಂಗ ನಡೀತು, ಐದನೇದರಾಗ ಮದಲಿನ ನಾಕನೇದರಷ್ಟ ಓಡಿತು. ಲಾರಿಗೆ ಐದು ಗೇರ್ ಇರೂದು ಭಾರ ಎಳ್ಯಾಕ, ಓಡಾಕಲ್ಲ. ಲಾರಿ ಕ್ಲೀನರಗೂ ಗೊತ್ತಿದ್ದ ಈ ಮಾತು ನಮ್ಮ ಪಂಡಿತಗ ಅವತ್ತ ಹೊಳೀತು.

ಹಳೇ ಮೀಟರಿನ ಕೇಬಲ್ಲು ಹೊಸ ಡಬ್ಬಿಗೆ ಕೂಡಲಿಲ್ಲ ಅಂತ ಲಾರೀದ ಮೀಟರ ಹಚ್ಚಿದ್ದ. ಹಳೇದು ಇಂಗ್ಲಿಷರ ಮೈಲಿಂದು, ಇದು ಕಿಲೋಮೀಟರಿಂದು. ರಾಯರು ದೊಡವಾಡದ ಹಾದಿ ಹಿಡದು ಓಡಿಸಿದರು. ಐವತ್ತಕ್ಕ ನಿಲ್ಲತಿದ್ದ ಮುಳ್ಳು ಎಂಬತ್ತಕ್ಕ ಹೋತು!

“ಎಂಬತ್ತು! ಭಲೇ ಮೇಸ್ತ್ರಿ!”

ಆ ಶಬ್ದ ಕಿವಿಗೆ ಬಿದ್ದದ್ದ ತಡ, ದುರ್ಗಪ್ಪನ ಬಾಯಿಗೆ ಬೀಗ ಬಿತ್ತು. ಐವತ್ತು ಮೈಲಂದರೂ ಎಂಬತ್ತು ಕಿಲೋಮೀಟರಂದರೂ ಒಂದ ಅಂತ ಹೇಳಲೇ ಇಲ್ಲ. ಮನ್ಯಾಗ ಹೆಂಡತಿ ಗುರುಬಸವ್ವನ ಮುಂದ ಅಷ್ಟ ಬಾಯಿಬಿಟ್ಟ. “ಹೇಳಿಬಿಡ್ರಿ, ಏನು ತಿಂತಾರ ನಿಮ್ಮನ್ನ?” ಅಂದಳು. “ನಾಳೆ” ಅಂದ.

ಆ ನಾಳೆಗೇ ಅಪೀಲಿನ ತಾರೀಖು. ಹನ್ನೊಂದಕ್ಕ ಬೆಳಗಾಂವಿ ಮುಟ್ಟಬೇಕು. ದುರ್ಗಪ್ಪ ಮಡಿ ಧೋತರ ಉಟಗೊಂಡು ಒಂಬತ್ತಕ್ಕ ರಾಯರ ಬಾಗಲಾಗ ನಿಂತ. ಹತ್ತಾದರೂ ರಾಯರು ಎರಡನೇ ತಾಟು ಅವಲಕ್ಕಿ ತಿನ್ನಾಕಹತ್ತಿದ್ದರು.

“ಹೊತ್ತಾತ್ರಿ ಸಾಹೇಬ್ರ.”

“ಐವತ್ತಿದ್ದಾಗ ಒಂದೂಕಾಲು ತಾಸು ಹಿಡೀತಿತ್ತು. ಈಗ ಎಂಬತ್ತು! ಮುಕ್ಕಾಲು ತಾಸು ಸಾಕು. ನಿನ್ನ ಕೈಗುಣದ ಮ್ಯಾಲೆ ನಿನಗ ನಂಬಿಗಿ ಇಲ್ಲೇನೋ ಮೇಸ್ತ್ರಿ?”

ಮಾತು ನಾಲಿಗಿ ತುದಿಗೆ ಬಂದಿತ್ತು. ಆ ‘ಮೇಸ್ತ್ರಿ’ ಅನ್ನೂದು ಅದನ್ನ ಮತ್ತ ಒಳಗ ನುಂಗಿಸಿತು. ಇಬ್ಬರೂ ಹೊಂಡೂದರಾಗ ಹತ್ತೂಕಾಲು.

ನೇಸರಗಿ ದಾಟಿದ ಮ್ಯಾಲೆ ರಾಯರು ಕೈಗಡಿಯಾರ ನೋಡಿದರು. ಮುಳ್ಳು ಎಂಬತ್ತರಾಗ ಐತಿ, ಹೊತ್ತು ಮಾತ್ರ ಹನ್ನೊಂದರ ಹತ್ತರ ಬಂದೈತಿ. “ಈ ಗಡಿಯಾರ ಕೆಟ್ಟದ, ಮುಂದ ಓಡ್ಲಿಕ್ಕೆ ಹತ್ತದ” ಅಂದರು. ವಕೀಲಕಿ ಅಂದರ ಹಿಂಗಿರಬೇಕು! ದುರ್ಗಪ್ಪಗ ತಡಕೊಳ್ಳಾಕ ಆಗಲಿಲ್ಲ.

“ಗಡಿಯಾರ ನೆಟ್ಟಗೈತ್ರಿ. ಮೀಟರ ಲಾರೀದು. ಅದು ಮೈಲು ಅಲ್ರಿ, ಕಿಲೋಮೀಟರು.”

ರಾಯರು ಆಕ್ಸಿಲರೇಟರ್ ಒತ್ತೇ ಒತ್ತಿದರು. ಗಾಡಿ ಗುಟುರು ಹಾಕಿತೇ ಹೊರತು ಎಂಬತ್ತು ದಾಟಲಿಲ್ಲ.

ಇವರು ಕೋರ್ಟಿನ ಮೆಟ್ಟಲಾ ಏರೂದರಾಗ ಹನ್ನೊಂದೂವರಿ. ಪಟ್ಟೇವಾಲಾ ಮೂರು ಸಲ ಹೆಸರು ಕೂಗಿದ್ದ, ಯಾರೂ ಬರಲಿಲ್ಲಂತ ಅಪೀಲು ವಜಾ ಆಗಿತ್ತು. ನಿಜಗುಣಪ್ಪ ವರಾಂಡಾದಾಗ ಎಲಿ ಅಡಿಕಿ ಹಾಕ್ಕೊಳ್ಳಾಕಹತ್ತಿದ್ದ.

“ಮುಂಜಾನೆ ಬಾಗಲಾಗ ನಿಂತಾಗನ ಹೇಳಬಾರದಾಗಿತ್ತೇನೋ?” ರಾಯರು ಕೇಳಿದರು.

ದುರ್ಗಪ್ಪ ಧೋತರದ ಚುಂಗಿಲೆ ಕಣ್ಣು ಒರಸಿಕೊಂಡ.

“ಹೇಳಿದ್ದರ ಮೇಸ್ತ್ರಿ ಅಂತಿದ್ರೇನ್ರಿ?”