ಬಾಗಿಲು ಬಡಿಯುವ ಕೆಲಸ

ನಮ್ಮ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೊಮ್ಮೆ ಒಬ್ಬ ಕೊಲೆಗಡುಕ ಬರುತ್ತಾನೆ. ಬರುವ ತಿಂಗಳನ್ನು ನೋಟಿಸ್ ಬೋರ್ಡಿನಲ್ಲಿ ಮೊದಲೇ ಹಾಕಿರುತ್ತಾರೆ. ದಿನ ಮಾತ್ರ ಗುಟ್ಟು.

ಯಾರಾದರೂ ಆಯುಧ ಹಿಡಿದು ಒಳನುಗ್ಗಿದರೆ ಜೀವ ಉಳಿಸಿಕೊಳ್ಳುವುದು ಹೇಗೆಂದು ಕಲಿಸುವ ಡ್ರಿಲ್ ಅದು. ಕೊಲೆಗಡುಕನ ಪಾತ್ರ ರಸಾಯನಶಾಸ್ತ್ರ ವಿಭಾಗದ ಸ್ಟೋರ್ ಕೀಪರ್‌ನದು. ಆಳು ಎತ್ತರ, ದನಿ ಗಡಸು. “ಮೇಲಾಗಿ, ಬೇಡ ಅನ್ನೋಕೆ ಮನೇಲಿ ಹೆಂಡ್ತಿ ಮಕ್ಕಳಿಲ್ಲ” ಎಂದು ಸೆಕ್ಯುರಿಟಿ ಆಫೀಸರ್ ಆರಿಸಿದ್ದರು. ಅಂದಿನಿಂದ ಆತನಿಗೆ ‘ವಿಲನ್’ ಎಂದೇ ಹೆಸರು. “ಏನ್ ವಿಲನ್ರೇ, ಯಾವತ್ತು ಕೊಲ್ತೀರಿ?” ಎಂದು ಕೇಳಿದರೆ, “ಹೇಳಿದ್ರೆ ನೀವು ರಜೆ ಹಾಕ್ತೀರಿ” ಎನ್ನುತ್ತಿದ್ದ.

ಆತನ ಆಯುಧ ಅಂಗೈ ತುಂಬ ಸೀಮೆಸುಣ್ಣದ ಪುಡಿ. ಬಾಗಿಲು ತೆರೆದವರ ಅಂಗಿಯ ಮೇಲೆ ಬಿಳಿ ಹಸ್ತ ಬಿದ್ದರೆ ಅವರು ಸತ್ತಂತೆ. ಮೊದಲ ವರ್ಷ ಸೈರನ್ ಕೂಗಿದಾಗ ನಾನು ಚಿಲಕ ಹಾಕುವುದು ಬಿಟ್ಟು, ಏನು ಗಲಾಟೆ ಎಂದು ಹೊರಗೆ ಇಣುಕಿದೆ. “ಸತ್ರಿ ಸಾರ್. ದಯವಿಟ್ಟು ಮಲಗಿ” ಎಂದ. ಎದೆಯ ಮೇಲೆ ಆ ಗುರುತು ಹೊತ್ತು ಮನೆಗೆ ಹೋದರೆ ನನ್ನವಳು, “ಸತ್ತೋರಿಗೆ ಕಾಫಿ ಬೇರೆ ಕೇಡು” ಎಂದಳು.

ಆಮೇಲೆ ನಾವು ಕಲಿತೆವು. ಚಿಲಕ ಹಾಕು, ದೀಪ ಆರಿಸು, ಫೋನಿನ ಬಾಯಿ ಕಟ್ಟು, ಬಾಗಿಲಿಗೆ ನೇರವಾಗಿ ಕೂರಬೇಡ, ಯಾರು ಬಡಿದರೂ ಉಸಿರೆತ್ತಬೇಡ. ಆತನೂ ಬಿಡುವ ಆಸಾಮಿಯಲ್ಲ. ಅಳುತ್ತಿದ್ದ, ಕಾಲು ಮುರಿದವನಂತೆ ನರಳುತ್ತಿದ್ದ, ಆಫೀಸರ್ ದನಿಯಲ್ಲಿ “ಎಲ್ಲಾ ಮುಗೀತು, ಬನ್ನಿ” ಎನ್ನುತ್ತಿದ್ದ. ಕಳೆದ ವರ್ಷ ಒಂದು ಬಾಗಿಲೂ ತೆರೆಯಲಿಲ್ಲ. ಮೈದಾನದಲ್ಲಿ ತಲೆ ಎಣಿಸಿ ಮುಗಿದು ನಾವೆಲ್ಲ ಗುಂಪುಗುಂಪಾಗಿ ಟೀ ಕುಡಿಯುತ್ತಿದ್ದರೆ, ಆತ ನಲ್ಲಿಯ ಹತ್ತಿರ ಒಬ್ಬನೇ ಕೈ ತೊಳೆಯುತ್ತಿದ್ದ.

“ಹೇಗಿತ್ತು?” ಎಂದೆ.

“ಫಸ್ಟ್ ಕ್ಲಾಸ್ ಸಾರ್. ಒಂದು ನರಪಿಳ್ಳೆಯೂ ಇಲ್ಲದ ಹಾಗೆ ಇದ್ರಿ. ಬಾಗಿಲಿಗೆ ಕಿವಿ ಇಟ್ರೆ ಉಸಿರಾಡೋದು ಮಾತ್ರ ಕೇಳ್ತಿತ್ತು. ನಮ್ಮನೇಲಿ ಅದೂ ಇಲ್ಲ ಬಿಡಿ” ಎಂದು ನಕ್ಕ.

ಈ ವರ್ಷ ಡ್ರಿಲ್‌ನ ತಿಂಗಳಲ್ಲೇ ಒಂದು ಬೆಳಿಗ್ಗೆ, ಹೊರಗಿನ ನಾಲ್ಕೈದು ಜನ ಕಬ್ಬಿಣದ ರಾಡ್ ಹಿಡಿದು ಯಾರೋ ವಿದ್ಯಾರ್ಥಿಯನ್ನು ಹುಡುಕುತ್ತ ನಿಜವಾಗಿಯೇ ನುಗ್ಗಿದರು. ಸೈರನ್ ಕೂಗಿತು. ನಾನು ಲೈಬ್ರರಿಯ ಮೇಜಿನ ಕೆಳಗೆ ಸೇರಿದೆ. ಹೊಟ್ಟೆ ಮಾತ್ರ ಸೇರಲಿಲ್ಲ. ಡ್ರಿಲ್ಲೇ ಎಂದುಕೊಂಡಿದ್ದರಿಂದ ಅಷ್ಟು ಧೈರ್ಯವಾಗಿದ್ದೆ.

ಆ ಹೊತ್ತಿಗೆ ನಮ್ಮ ವಿಲನ್ ಗಾಜಿನ ಫ್ಲಾಸ್ಕುಗಳ ಟ್ರೇ ಹಿಡಿದು ಕಾರಿಡಾರಿನಲ್ಲಿದ್ದ. ಅಡ್ಡ ಸಿಕ್ಕವನ ತೋಳಿಗೆ ರಾಡಿನ ಏಟು ಬಿತ್ತು, ಒಡೆದ ಗಾಜು ಅಂಗೈ ಸೀಳಿತು. ಅವರು ಮಹಡಿಗೆ ಓಡಿದರು. ಆತ ಹತ್ತಿರದ ಭೌತಶಾಸ್ತ್ರ ಲ್ಯಾಬಿನ ಬಾಗಿಲು ಬಡಿದ.

“ಮೇಡಂ, ನಾನು. ಕೈ ಕುಯ್ದಿದೆ. ರಕ್ತ ನಿಲ್ತಿಲ್ಲ.”

ಒಳಗಿದ್ದ ಮೇಡಂ ತುಟಿಗೆ ಬೆರಳಿಟ್ಟು “ಶ್, ವಿಲನ್ನು” ಎಂದರು. “ಈ ಸಲ ಆಕ್ಟಿಂಗ್ ಸೂಪರ್ ಮೇಡಂ” ಎಂದು ಒಬ್ಬಳು ವಿದ್ಯಾರ್ಥಿನಿ ಪಿಸುಗುಟ್ಟಿದಳು. ಎಲ್ಲರೂ ಬಾಯಿಗೆ ಕರವಸ್ತ್ರ ಒತ್ತಿ ನಗು ತಡೆದರು. ಆತ ಇನ್ನೊಮ್ಮೆ ಬಡಿದು ಹೊರಟುಹೋದ.

ಪೊಲೀಸರು ಬಂದು ರಾಡಿನವರನ್ನು ಹಿಡಿದು ಹಿಂದಿನ ಗೇಟಿನಿಂದ ಒಯ್ದರು; ಬಾಗಿಲು ಹಾಕಿಕೊಂಡಿದ್ದ ನಮಗೆ ಅದು ಗೊತ್ತಾಗಲಿಲ್ಲ. ಮೈದಾನದಲ್ಲಿ ತಲೆ ಎಣಿಸಿದರು. ಒಂದೊಂದು ಕೋಣೆಯದೂ ಸರಿಯಾಯಿತು. ಆತ ಯಾವ ಕೋಣೆಗೂ ಸೇರಿದವನಲ್ಲ; ಕೊಲೆಗಡುಕನನ್ನು ಯಾರು ಎಣಿಸುತ್ತಾರೆ?

“ಎಲ್ಲಿ ನಮ್ಮ ವಿಲನ್? ಇವತ್ತು ಪ್ರೈಜೇ ಕೊಡಬೇಕು” ಎಂದರು ಮೇಡಂ.

“ಇವತ್ತಿಂದು ಡ್ರಿಲ್ ಅಲ್ಲ ಮೇಡಂ” ಎಂದರು ಆಫೀಸರ್.

ಮೇಡಂ ಮುಖ ಬಿಳಿಚಿಕೊಂಡಿತು. ಲ್ಯಾಬಿನ ಕಡೆ ಓಡಿದರು, ಆಫೀಸರ್ ಅವರ ಹಿಂದೆ, ನಾನು ಏದುಸಿರು ಬಿಡುತ್ತ ಎಲ್ಲರಿಗಿಂತ ಹಿಂದೆ. ನೆಲದ ಮೇಲಿನ ರಕ್ತದ ಹನಿಗಳು ಸ್ಟೋರಿನ ಬಾಗಿಲಲ್ಲಿ ನಿಂತಿದ್ದವು. ಒಳಗಿನಿಂದ ಚಿಲಕ. ಬಡಿದರೆ ಸದ್ದಿಲ್ಲ.

“ನಾನ್ರೀ, ಸೆಕ್ಯುರಿಟಿ ಆಫೀಸರ್! ಎಲ್ಲಾ ಮುಗೀತು, ಬನ್ನಿ!”

ಒಳಗಿನಿಂದ ಕ್ಷೀಣ ದನಿ ಬಂತು. “ಆ ದನಿ ನಾನೂ ಮಾಡ್ತೀನಿ.”

ಮೇಡಂ ಬಾಗಿಲಿಗೆ ಹಣೆ ಹಚ್ಚಿದರು. “ನೀವು ಬಡಿದಿದ್ದು ಕೇಳಿಸ್ತು ಕಣ್ರೀ. ಎರಡು ಸಲಾನೂ. ಒಳಗೆ ಕೂತು ನಕ್ಕೆ.”

ಚಿಲಕ ಸರಿಯಿತು. ಅಂಗೈಗೆ ಏಪ್ರನ್ ಸುತ್ತಿಕೊಂಡು ಆತ ಗೋಡೆಗೆ ಒರಗಿ ನಿಂತಿದ್ದ.

“ತೆಗೀಲಿಲ್ಲ ಅಂತ ಬೇಜಾರಿಲ್ಲ ಮೇಡಂ. ಅವರು ಅಲ್ಲೇ ಮೆಟ್ಟಿಲ ಮೇಲಿದ್ರು, ತೆಗೆದಿದ್ರೆ ನಾನೇ ಬೈತಿದ್ದೆ. ಆದ್ರೂ ಒಳಗಿಂದ ಯಾರಾದ್ರೂ ಒಂದು ಮಾತು...” ಎಂದವನು ತಡೆದ. “ಇಲ್ಲ, ಮಾತಾಡಬೇಡಿ ಅಂತಾನೂ ನಾನೇ ಹೇಳಿಕೊಟ್ಟಿದ್ದಲ್ವಾ.”

ಆಂಬ್ಯುಲೆನ್ಸ್ ಬಂತು. “ಪೇಷಂಟ್ ಕಡೆಯವರು ಯಾರ್ರೀ?” ಎಂದ ಡ್ರೈವರ್.

“ಯಾರೂ ಇಲ್ಲ, ಹೊರಡಿ” ಎಂದ ಆತ, ಮಲಗಿದಲ್ಲಿಂದಲೇ.

ಅಷ್ಟರಲ್ಲಿ ಮೇಡಂ ಹತ್ತಿ ಕೂತಿದ್ದರು. ನಾನೂ ಹೇಗೋ ಹತ್ತಿದೆ. “ಒಬ್ಬರೇ ಇರಬೇಕು, ಇನ್ನೊಬ್ಬರು ಇಳೀರಿ” ಎಂದ ಡ್ರೈವರ್, ನನ್ನ ಗಾತ್ರ ನೋಡುತ್ತ. ನಾನು ಇಳಿದೆ. ಮೇಡಂ ಇಳಿಯಲಿಲ್ಲ.