ನಳಿಗೆಯೊಳಗಿನ ಕುಂಕುಮ

ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ನನ್ನ ಗಂಡನಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಈ ಪರದೇಶದಲ್ಲಿ, ಸ್ಯಾಲಿಸ್‌ಬರಿಯ ನಮ್ಮ ಮನೆಯ ಗ್ಯಾರೇಜಿನಲ್ಲಿ ಕೂತು ಹಿತ್ತಾಳೆಯ ತೋಟಾಗಳಿಗೆ ಮದ್ದು ತುಂಬುವಾಗ ಮಾತ್ರ ಅಕ್ಕಸಾಲಿಗನೂ ನಾಚಬೇಕು, ಅಂಥ ತೂಕ. ಗುರಿ ಹೊಡೆಯುವ ಹವ್ಯಾಸಕ್ಕೆಂದು ಕೊಂಡ, ಯಾವುದೋ ಕಾಲದ ಯುದ್ಧ ಕಂಡ ರೈಫಲ್ ಅವರದು. ಮುದಿ ಉಕ್ಕಿಗೆ ಜೋರಿನ ತೋಟಾ ಬೇಡವೆಂದು ತಾವೇ ಕಡಿಮೆ ಮದ್ದಿನವನ್ನು ತಯಾರಿಸಿಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಮಾತಾಡಿಸುವಂತಿಲ್ಲ, ಕಾಫಿ ಕೂಡ ಒಯ್ಯುವಂತಿಲ್ಲ. ಮೈಮರೆತು ಒಂದೇ ತೋಟಾಕ್ಕೆ ಎರಡು ಸಲ ಮದ್ದು ಬಿದ್ದರೆ ರೈಫಲ್ಲೇ ಸಿಡಿಯುತ್ತದೆ ಎನ್ನುತ್ತಿದ್ದರು. ಕಾಫಿ ತಪ್ಪಿಸಿಕೊಂಡು ಮಾಡುವ ಹವ್ಯಾಸ ಎಂಥದ್ದೋ ಎಂದು ನಾನು ಗೊಣಗುತ್ತಿದ್ದೆ.

ಆ ವರ್ಷ ನವರಾತ್ರಿಗೆ ಅತ್ತೆ ಮೈಸೂರಿನಿಂದ ಬಂದಿದ್ದರು. ಆಯುಧಪೂಜೆಯ ದಿನ ಕಾರು, ಮಿಕ್ಸಿ, ಲ್ಯಾಪ್‌ಟಾಪ್‌ಗಳಿಗೆ ಹೂವಿಟ್ಟಿದ್ದನ್ನು ನೋಡಿ ಅವರು ಸೊಂಟದ ಮೇಲೆ ಕೈಯಿಟ್ಟರು.

"ಮನೇಲಿ ನಿಜವಾದ ಆಯುಧ ಇಟ್ಕೊಂಡು ಮಿಕ್ಸಿಗೆ ಪೂಜೆ ಮಾಡ್ತೀರಲ್ಲೋ, ಬುದ್ಧಿ ಇದ್ಯಾ ನಿಮ್ಗೆ?"

ಇವರು ಉಕ್ಕಿನ ಕಪಾಟಿನ ಬೀಗ ತೆಗೆದು, ರೈಫಲ್ಲಿನ ಹಿಂಬಾಯಿ ಮುಚ್ಚುವ ಬೋಲ್ಟ್ ಬಿಚ್ಚಿ ಪಕ್ಕಕ್ಕಿಟ್ಟು, ಅದನ್ನು ಮಣೆಯ ಮೇಲೆ ಮಲಗಿಸಿದರು. ಅತ್ತೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿದರು. ಇವರು ಪಕ್ಕದಲ್ಲೇ ಬೂದುಗುಂಬಳಕ್ಕೆ ತೂತು ಕೊರೆಯುತ್ತಿದ್ದರು, ನಾನು ಕರ್ಪೂರ ಹುಡುಕುತ್ತಿದ್ದೆ. ಪೂಜೆ ಮುಗಿದ ಮೇಲೆ ಹೊರಗಿನ ಕುಂಕುಮ ಒರೆಸಿ ರೈಫಲ್ಲನ್ನು ಮತ್ತೆ ಕಪಾಟಿಗೆ ಸೇರಿಸಿದರು.

ಮುಂದಿನ ಶನಿವಾರ ಮಗನ ಗುರಿ ನೋಡಬೇಕೆಂದು ಅತ್ತೆಯೂ ಶೂಟಿಂಗ್ ರೇಂಜಿಗೆ ಬಂದರು. ಅಲ್ಲಿ ಯಾರೇ ಗುಂಡು ಹಾರಿಸುವ ಮೊದಲೂ ಹಳೆಯ ರೈಫಲ್‌ಗಳನ್ನು ಪರೀಕ್ಷಿಸುವ ಒಬ್ಬ ಬಿಳಿಯ ಮುದುಕರಿದ್ದರು. ನಾವು ಅವರನ್ನು ಅಂಕಲ್ ಎನ್ನುತ್ತಿದ್ದೆವು. ಅವರು ಇವರ ರೈಫಲ್ಲಿನಲ್ಲಿ ತೋಟಾ ಕೂರುವ ಜಾಗಕ್ಕೆ ಟಾರ್ಚ್ ಬಿಟ್ಟು ಬಗ್ಗಿ ನೋಡಿದರು. ಆಮೇಲೆ ಚಿಂದಿಯೊಂದನ್ನು ತೂರಿಸಿ ಹೊರತೆಗೆದರೆ ಅದು ಕೆಂಪಗೆ ಜಿಡ್ಡಾಗಿತ್ತು.

"ಅಮ್ಮಾ, ಒಳಗ್ಯಾಕೆ ಹಚ್ದೆ?"

"ಹೊರಗೆ ಹಚ್ಚಿದ್ರೆ ಸಾಕೇನೋ? ಗುಂಡು ಕೂರೋದು ಒಳಗಲ್ವಾ?"

ನಾನು ಅಂಕಲ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಗಲಿಲ್ಲ. ಸಿಡಿದಾಗ ತೋಟಾದ ಹಿತ್ತಾಳೆ ಉಬ್ಬಿ ಸುತ್ತಲಿನ ಒಣ ಗೋಡೆಯನ್ನು ಕಚ್ಚಿಕೊಳ್ಳಬೇಕು, ಎಣ್ಣೆಯಿದ್ದರೆ ಜಾರುತ್ತದೆ, ಆಗ ಒತ್ತಡವೆಲ್ಲ ಹಿಂದಿನ ಬೋಲ್ಟಿನ ಮೇಲೆ ಎಂದರು. ಹಳೆಯ ಬೋಲ್ಟ್ ಮುರಿದರೆ ಹಿಂದೆ ಇರುವುದು ಹಾರಿಸುವವನ ಮುಖ. ಅಷ್ಟನ್ನೂ ಅತ್ತೆಗೆ ಅನುವಾದಿಸಿಬಿಟ್ಟೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತ್ತು.

ಇವರಿಗೆ ಅದೆಲ್ಲಿ ಕಾಣಬೇಕು! "ವಾರವೆಲ್ಲ ತೂಗಿ ತೂಗಿ ತುಂಬಿದ್ದು ನೀರಲ್ಲಿ ಹೋಮ ಮಾಡಿದ ಹಾಗಾಯ್ತು," ಎಂದು ಎಗರಾಡಿದರು.

"ಸಾಕು ಸುಮ್ನಿರಿ, ಮೊದ್ಲು ಅವರ ಮುಖ ನೋಡಿ," ಎಂದು ನಾನೇ ಗದರಿದೆ. ಮೈಯೆಲ್ಲ ಉರಿದುಹೋಗಿತ್ತು ನನಗೆ.

ಅಂಕಲ್ ನಮ್ಮಿಬ್ಬರನ್ನೂ ಬಿಟ್ಟು, ಬಟ್ಟೆ ಸಿಕ್ಕಿಸಿದ ಕಡ್ಡಿಯನ್ನು ಅತ್ತೆಯ ಕೈಗೇ ಕೊಟ್ಟರು. ಹೇಗೆ ನೂಕಬೇಕು, ಹೇಗೆ ಎಳೆಯಬೇಕು ಎಂದು ಸನ್ನೆಯಲ್ಲೇ ತೋರಿಸಿದರು. ಬಟ್ಟೆ ಬೆಳ್ಳಗೆ ಬರತೊಡಗಿದ ಮೇಲೂ ಅತ್ತೆ ನಿಲ್ಲಿಸಲಿಲ್ಲ. ಕೊನೆಗೆ ಅಂಕಲ್ ಮತ್ತೊಮ್ಮೆ ಟಾರ್ಚ್ ಬಿಟ್ಟು ನೋಡಿ, ನಳಿಗೆಯನ್ನೂ ತಪಾಸಣೆ ಮಾಡಿ, ಹೆಬ್ಬೆರಳು ಎತ್ತಿದರು.

ಇವರು ಚಾಪೆಯ ಮೇಲೆ ಬೋರಲು ಮಲಗಿದರು. ನೋಡುವವರು ಹಳದಿ ಗೆರೆಯ ಹಿಂದೆಯೇ ಇರಬೇಕು, ಎಲ್ಲ ರೈಫಲ್ ಖಾಲಿಯಾಗುವವರೆಗೆ ಗೆರೆ ದಾಟುವಂತಿಲ್ಲ. ಗುಂಡು ಹಾರಿದಾಗಲೆಲ್ಲ ಅತ್ತೆಯ ಉಗುರು ನನ್ನ ಮುಂಗೈಗೆ ನಾಟುತ್ತಿತ್ತು. ನೋವಾದರೂ ಕೈ ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಎಲ್ಲ ಮುಗಿದು, ದಾಟಬಹುದೆಂದು ಅಂಕಲ್ ಕೂಗಿದ ಮೇಲೆ ಇವರು ಗುರಿಯ ಕಾಗದ ಕಿತ್ತು ತಂದರು. ಕೋಪ ಯಾವಾಗಲೋ ಇಳಿದಿತ್ತು.

"ಅಮ್ಮ, ನೋಡಿಲ್ಲಿ, ಎಲ್ಲಾ ನಡುಮಧ್ಯಕ್ಕೇ ಬಿದ್ದಿದೆ!"

ಅತ್ತೆ ಕಾಗದದ ಕಡೆ ನೋಡಲೇ ಇಲ್ಲ. ಮಗನ ಕನ್ನಡಕ ತೆಗೆಸಿ, ಸೆರಗಿನಿಂದ ಮುಖ ಒರೆಸಿ, ಅಂಗೈಯಿಂದ ಅವನ ಒಂದು ಕಣ್ಣು ಮುಚ್ಚಿದರು.

"ಇದ್ರಲ್ಲಿ ನಾನು ಕಾಣ್ತೀನಾ?"

"ಕಾಣ್ತೀಯ ಅಮ್ಮ."

ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಅದನ್ನೇ ಕೇಳಿದರು.