ಲಾಲಸಾಬರ ಬಿಳಿ ಅಂಗಿ

ಗೋಡೆಗೆ ಕಿವಿಯಿಟ್ಟರೆ ಲಾಲಸಾಬರು ಕಣ್ಣು ಮುಚ್ಚುತ್ತಿದ್ದರು. ಆಗ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ; ಕುಕ್ಕರಿಗೂ ಸೀಟಿ ಹಾಕುವ ಅಧಿಕಾರವಿರಲಿಲ್ಲ. ಭಾಂಡುಪ್, ಮುಲುಂಡ್ ಉಪನಗರಗಳ ಬಿಲ್ಡಿಂಗುಗಳಲ್ಲಿ ಕೂದಲು ನರೆಸಿಕೊಂಡ, ಇಂಡಿ ಕಡೆಯ ಈ ಪ್ಲಂಬರು ಸುತ್ತಿಗೆಯನ್ನು ಚೀಲದ ತಳದಲ್ಲಿಡುತ್ತಿದ್ದರು, ಸುಲಭಕ್ಕೆ ಕೈಗೆ ಸಿಗಬಾರದೆಂದು. “ಒಡ್ಯಾಕ ಯಾರಿಗರ ಬರತೈತ್ರಿ ಸಾಹೇಬ್ರ. ಎಲ್ಲಿ ಒಡೀಬಾರ್ದು ಅನ್ನೂದು ಗೊತ್ತಿರಬೇಕು.”

ಅಂಥವರು ನಮ್ಮ ಮನೆಗೆ ಬಂದದ್ದು ಒಂದು ಶಿಕ್ಷೆಯನ್ನು ಜಾರಿ ಮಾಡಲು. ಮುಲುಂಡಿನ ನಮ್ಮ ಸೊಸೈಟಿಗೆ ಒಂದು ಈಜುಕೊಳವಿದೆ. ಅದಕ್ಕೆ ಅಂಟಿದ ನೆಲಮಹಡಿಯಲ್ಲಿ ನಾವಿದ್ದೇವೆ. ಮಳೆಗಾಲ ಮುಗಿದು ಊರೆಲ್ಲ ಒಣಗಿದರೂ ನಮ್ಮ ಸೋಫಾದ ಹಿಂದಿನ ಗೋಡೆ ಒಣಗಲಿಲ್ಲ. ಕೊಳದ ನೀರು ಹೊರಹೋಗುವ ಪೈಪು ಸೋರುತ್ತಿದೆಯೆಂದು ನಾನು ವಿನಯದಿಂದ ಬರೆದುಕೊಟ್ಟೆ. ಸೋರುವುದು ನಮ್ಮ ಬಾತ್‌ರೂಮು, ಅದನ್ನೇ ಒಡೆಯತಕ್ಕದ್ದು ಎಂದು ಕಮಿಟಿ ಕೈಯೆತ್ತಿ ತೀರ್ಮಾನಿಸಿತು. ನಮಗಿರುವುದು ಅದೊಂದೇ. ಮಂಡಿ ಆಪರೇಶನ್ ಆಗಿ ವಾಕರ್ ಹಿಡಿದಿದ್ದ ನಮ್ಮ ಅತ್ತೆ ಬಚ್ಚಲಿನ ಬಾಗಿಲಿಗೇ ಕುರ್ಚಿ ಹಾಕಿ ಕೂತರು. ಸಾಲದ್ದಕ್ಕೆ, ಚಳಿಗಾಲದಲ್ಲಿ ಯಾರೂ ಈಜುವುದಿಲ್ಲವೆಂದು ಕೊಳ ಖಾಲಿ ಮಾಡುವ ದಿನ ಹತ್ತಿರವಿತ್ತು. ನನ್ನ ಅನುಮಾನ ನಿಜವಾದರೆ ಅಷ್ಟೂ ನೀರು ನಮ್ಮ ಸೋಫಾವನ್ನು ಹುಡುಕಿಕೊಂಡು ಬರುವುದಿತ್ತು.

ಲಾಲಸಾಬರು ಬಾತ್‌ರೂಮಿಗೆ ಕಿವಿಯಿಟ್ಟರು, ಗೋಡೆಗೆ ಕಿವಿಯಿಟ್ಟರು, ಆಮೇಲೆ ಅತ್ತೆಯನ್ನು ನೋಡಿದರು. “ಅವ್ವಾರ, ಬಟ್ಟಿಗೆ ಹಾಕೂ ನೀಲಿ ಐತೇನ್ರಿ ಮನ್ಯಾಗ?”

ಜೊತೆಗೆ ಬಂದಿದ್ದ ಸೊಸೈಟಿಯ ಸೆಕ್ರೆಟರಿ, ಕರೆಸಿದ್ದು ಒಡೆಯಲು, ಬಟ್ಟೆ ಒಗೆಯಲಲ್ಲ ಎಂದು ಗರಂ ಆದರು. “ಅರೆ ಚಾಚಾ, ತೋಡ್ನೇ ಕೋ ಬುಲಾಯಾ ಹೈ, ಕಪಡಾ ಧೋನೇ ಕೋ ನಹೀಂ!”

“ತೋಡೇಂಗೆ ಸಾಬ್,” ಎಂದು ಒಡೆಯುವ ಭರವಸೆ ಕೊಟ್ಟು ಅವರನ್ನು ಸಮಾಧಾನಪಡಿಸಿ ಲಾಲಸಾಬರು ನನ್ನತ್ತ ತಿರುಗಿದರು. “ಒಡಿ ಒಡಿ ಅಂತಾರ. ನೀರು ಕಮಿಟಿ ಮಾತ ಕೇಳತೈತೇನ್ರಿ? ತಗ್ಗ ಕಂಡಲ್ಲಿ ಹೋಗತೈತಿ.”

ನೀಲಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ, ಉದ್ದ ಕೋಲಿನ ತುದಿಗೆ ಸಿಕ್ಕಿಸಿ, ಕೊಳದ ತಳದಲ್ಲಿ ಆ ಪೈಪಿನ ಬಾಯಿಗಿದ್ದ ಜಾಲರಿಗೆ ಒತ್ತಿಟ್ಟರು. ಮರುದಿನ ಬೆಳಿಗ್ಗೆ ಕಮಿಟಿ ಪೂರ್ತಿ ನಮ್ಮ ಗೋಡೆಯೆದುರು ಚಹಾ ಹಿಡಿದು ಕೂತಿತು. ಸ್ವಂತ ಗೋಡೆ ಹಾಳಾಗಲೆಂದು ನಾನು ಅಷ್ಟು ಭಕ್ತಿಯಿಂದ ಬೇಡಿಕೊಂಡದ್ದು ಅದೇ ಮೊದಲು. ಎರಡನೇ ಚಹಾದ ಹೊತ್ತಿಗೆ ಸುಣ್ಣದ ಮೇಲೆ ಅಂಗೈಯಗಲ ನೀಲಿ ಮೂಡಿತು.

“ಯಪ್ಪಾ, ನನ್ನ ಬಚ್ಚಲಾ ಉಳೀತು!” ಅತ್ತೆ ವಾಕರನ್ನು ನೆಲಕ್ಕೆ ಕುಟ್ಟಿದರು. ಸೆಕ್ರೆಟರಿ ಮೂರನೇ ಚಹಾ ಕೇಳಿದರು. ಕಮಿಟಿಗಳು ಕ್ಷಮೆ ಕೇಳುವ ಕ್ರಮ ಅದು.

ಲಾಲಸಾಬರು ಕೊಳದಂಚಿನ ಎರಡೇ ಫರಸಿ ಕಲ್ಲು ಎಬ್ಬಿಸಿ, ಬಿರಿದಿದ್ದ ಪೈಪಿನ ತುಂಡು ಬದಲಿಸಿದರು. ಗೋಡೆ ಮೆಲ್ಲಗೆ ಒಣಗಿತು. ಕೊಳ ಖಾಲಿ ಮಾಡಿದ್ದು ಒಂದು ಶುಕ್ರವಾರ. ಅಂದು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ ಲಾಲಸಾಬರು ಸೋಫಾ ಸರಿಸಿ, ಗೋಡೆಗೆ ಬೆನ್ನೊತ್ತಿ ನೆಲದ ಮೇಲೆ ಕೂತರು. ಅತ್ತೆ ಕೊಟ್ಟ ಅವಲಕ್ಕಿ ತಿಂದರು. ಅತ್ತ ಕೊಳ ಗೊಳಗೊಳ ಇಳಿಯುತ್ತಿತ್ತು. ನೀರೆಲ್ಲ ಹೋದಮೇಲೆ ಎದ್ದು ನನಗೆ ಬೆನ್ನು ಮಾಡಿ ನಿಂತರು.

“ಏನರ ಹತ್ತೇತೇನ್ರಿ?”

ತುಸು ಸುಣ್ಣದ ಪುಡಿ ಹತ್ತಿತ್ತು, ಅಷ್ಟೇ. ಕೊಡವಿದೆ. ಅದೇ ಅಂಗಿಯಲ್ಲಿ ನಮಾಜಿಗೆ ಹೋದರು.

ಈಗ ಅವರು ಕೆಲಸ ಬಿಟ್ಟು ಇಂಡಿಯಲ್ಲಿದ್ದಾರೆ. ನೀಲಿ ಕಲೆಗೆ ನಾನು ಬಣ್ಣ ಬಳಿಸಿಲ್ಲ. ಪ್ರತಿ ಚಳಿಗಾಲ ಕೊಳ ಖಾಲಿಯಾಗುವ ದಿನ ಬಿಳಿ ಅಂಗಿ ತೊಟ್ಟು ಅಲ್ಲೇ ಒರಗಿ ಕೂರುತ್ತೇನೆ. ಎದ್ದಾಗ ಅತ್ತೆ ಕನ್ನಡಕ ಏರಿಸಿ ನನ್ನ ಬೆನ್ನು ಪರೀಕ್ಷಿಸಿ, “ಒಣಾ ಐತಿ. ಹಚ್ಚರಿ ಫೋನು,” ಎನ್ನುತ್ತಾರೆ.

ವರದಿ ಒಪ್ಪಿಸುತ್ತೇನೆ. ಆ ತುದಿಯಲ್ಲಿ ಲಾಲಸಾಬರು ಫೋನಿಗೆ ಕಿವಿಯಿಟ್ಟಿರುತ್ತಾರೆ. ಕಣ್ಣು ಮುಚ್ಚಿಕೊಂಡಿರಬೇಕು.